ಹಾಸನದಿಂದ ಹೊರಟು, ಹಳೇ ಗ್ಲಾಮ್ ಮೆಟಲ್ ಬ್ಯಾಂಡಿನ ಶೋ ನೋಡಿ, ಬೆಳಗಾಗುವಷ್ಟರಲ್ಲಿ ಮನೆ ಸೇರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪ ಅರವತ್ತಾರನೇ ವಯಸ್ಸಿನಲ್ಲಿ ಊರ ಹಬ್ಬಕ್ಕೆ ಮತ್ತೆ ದುರ್ಯೋಧನನ ಪಾರ್ಟು ಮಾಡಿದರು. ಹತ್ತು ವರ್ಷ ಬಿಟ್ಟಿದ್ದರು. ಮಂಡಿ ನೋವು, ಬಿ.ಪಿ. ಮಾತ್ರೆ, ಕಿರೀಟ ಇಟ್ಟರೆ ಕತ್ತು ಹಿಡಿದುಕೊಳ್ಳುತ್ತಿತ್ತು. ಮೊದಲ ಕಂದ ಎತ್ತಿದಾಗಲೇ ಮೇಲಿನ ಸ್ವರ ಒಡೆಯಿತು. ಹಾರ್ಮೋನಿಯಂ ಮೇಷ್ಟ್ರು ಮೆಲ್ಲಗೆ ಶ್ರುತಿ ಇಳಿಸಿದರು, ಜನ ಶಿಳ್ಳೆ ಹೊಡೆದರು, "ವನ್ಸ್ ಮೋರ್" ಅಂದರು, ಅವರು ಎದೆಯುಬ್ಬಿಸಿ ಇನ್ನೊಂದು ಸಲ ಹಾಡಿದರು, ಎರಡನೇ ಸಲವೂ ಅದೇ ಜಾಗದಲ್ಲಿ ಒಡೆಯಿತು. ಬೆಳಗಿನ ಜಾವದವರೆಗೆ ಒಬ್ಬರೂ ಎದ್ದು ಹೋಗಲಿಲ್ಲ.

ಹಳೇ ಗ್ಲಾಮ್ ಮೆಟಲ್ ಬ್ಯಾಂಡಿನ ಶೋಗೆ ಹೋಗುವವರು ಈ ಚಿತ್ರವನ್ನು ತಲೆಯಲ್ಲಿ ಇಟ್ಟುಕೊಂಡೇ ಟಿಕೆಟ್ ತೆಗೆದುಕೊಳ್ಳಬೇಕು. 1987ರ ಕ್ಯಾಸೆಟ್ಟಿನಲ್ಲಿ ಕೇಳಿದ ಗಂಟಲು ಇವತ್ತು ಬರುವುದಿಲ್ಲ. ಬರುವುದು ಆ ವೇಷ, ಆ ಠೀವಿ, ಮತ್ತು ಜೊತೆಗೆ ಹಾಡಲು ನಾವು. ಅಷ್ಟಕ್ಕೆ ಮನಸ್ಸು ಒಪ್ಪಿದರೆ ಮುಂದೆ ಓದಿ. ಒಪ್ಪದಿದ್ದರೆ ದುಡ್ಡು ಉಳಿಸಿ, ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಳೇ ಆಲ್ಬಮ್ ಕೇಳಿ. ಅದೂ ಒಳ್ಳೇ ರಾತ್ರಿಯೇ.

ಜೊತೆಗೆ ಬರುವ ಹೆಂಡತಿಗೋ ಭಾವಮೈದನಿಗೋ ಗ್ಲಾಮ್ ಮೆಟಲ್ ಅಂದರೆ ಏನೆಂದು ಹೇಳಬೇಕಾದರೆ ಇಷ್ಟು ಸಾಕು. 1980ರ ಆಸುಪಾಸಿನಲ್ಲಿ ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ಅನ್ನುವ ರಸ್ತೆಯ ಕ್ಲಬ್ಬುಗಳಲ್ಲಿ ಒಂದಷ್ಟು ಹುಡುಗರು ಕೂದಲಿಗೆ ಡಬ್ಬಿಗಟ್ಟಲೆ ಸ್ಪ್ರೇ ಹೊಡೆದುಕೊಂಡು, ಕಣ್ಣಿಗೆ ಕಾಡಿಗೆ ತುಟಿಗೆ ಬಣ್ಣ ಹಚ್ಚಿಕೊಂಡು, ಮೈಗಂಟುವ ಪ್ಯಾಂಟಿನಲ್ಲಿ ಹೆವಿ ಮೆಟಲ್ ಬಾರಿಸಲು ಶುರು ಮಾಡಿದರು. 1981ರ ಆಗಸ್ಟ್ 1ರಂದು ಎಂಟಿವಿ ಶುರುವಾಯಿತು. ಹಾಡು ನೋಡುವ ವಸ್ತುವಾದ ಕಾಲಕ್ಕೆ ಸರಿಯಾಗಿ ಇವರು ವೇಷ ಕಟ್ಟಿಕೊಂಡು ಸಿದ್ಧವಾಗಿದ್ದರು. 1983ರ ಕೊನೆಯಲ್ಲಿ ಕ್ವಯಟ್ ರಯಟ್ ಬ್ಯಾಂಡಿನ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಹೋಯಿತು. ಮೋಟ್ಲಿ ಕ್ರೂ, ಪಾಯ್ಸನ್, ರ‍್ಯಾಟ್, ಸಿಂಡರೆಲ್ಲಾ, ಇಂಗ್ಲೆಂಡಿನಿಂದ ಡೆಫ್ ಲೆಪರ್ಡ್, ಸ್ವೀಡನ್ನಿಂದ ಯೂರೋಪ್. 1991ರಲ್ಲಿ ಸಿಯಾಟಲ್ ಕಡೆಯ ಹುಡುಗರು, ನಿರ್ವಾಣ ಥರದ ಗ್ರಂಜ್ ಬ್ಯಾಂಡಿನವರು, ಹರಿದ ಸ್ವೆಟರ್ ಹಾಕಿಕೊಂಡು ಬಂದರು, ಎರಡು ಮೂರು ವರ್ಷದಲ್ಲಿ ಸ್ಟೇಡಿಯಂ ತುಂಬಿಸುತ್ತಿದ್ದವರೆಲ್ಲ ಮತ್ತೆ ಕ್ಲಬ್ಬಿಗೆ ಬಂದು ನಿಂತರು. ಈಗ ಅವರಿಗೆ ಅರವತ್ತು ದಾಟಿದೆ. ಕೇಳುಗರಿಗೂ ನಲವತ್ತೈದು ದಾಟಿದೆ, ಕೈಯಲ್ಲಿ ಸ್ವಲ್ಪ ದುಡ್ಡಿದೆ. ಹಾಗಾಗಿ ವಾಪಸ್ ಬರುತ್ತಿದ್ದಾರೆ.

ಹಾಸನದಲ್ಲಿ ಕೂತ ನಮಗೆ ಇದೆಲ್ಲ ಹೇಗೆ ಅಂಟಿತು ಅಂತ ಕೇಳಬೇಡಿ. ನನಗೆ ಅಂಟಿಸಿದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಪಕ್ಕದ ರೂಮಿನಲ್ಲಿದ್ದ ಈಶಾನ್ಯ ರಾಜ್ಯದ ಹುಡುಗರು. ಅಲ್ಲಿ ಈ ಸಂಗೀತದ ಬೇರೇ ಲೋಕವೇ ಇದೆ.

ಹೆಜ್ಜೆ 1: ಬರುತ್ತಿರುವುದು ಯಾರು ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ

ಪೋಸ್ಟರಿನಲ್ಲಿ ಬ್ಯಾಂಡಿನ ಹೆಸರು ಇದ್ದ ಮಾತ್ರಕ್ಕೆ ಬ್ಯಾಂಡು ಬಂತು ಅಂತ ಅಲ್ಲ. ಈ ಬಳಗದಲ್ಲಿ ಹೆಸರಿನ ಜಗಳ ನಮ್ಮ ಕಡೆಯ ಜಮೀನಿನ ಪಾಲಿನ ಜಗಳಕ್ಕಿಂತ ಕಮ್ಮಿ ಏನಿಲ್ಲ. ಎಲ್.ಎ. ಗನ್ಸ್ ಅನ್ನುವ ಬ್ಯಾಂಡು ಕೆಲವು ವರ್ಷ ಎರಡೆರಡು ಇತ್ತು. ಗಿಟಾರಿನವರದ್ದು ಒಂದು, ಹಾಡುವವರದ್ದು ಒಂದು, ಎರಡೂ ಅದೇ ಹೆಸರಿನಲ್ಲಿ ಊರೂರು ತಿರುಗುತ್ತಿದ್ದವು. ಹಾಗಾಗಿ ಬ್ಯಾಂಡಿನ ಸ್ವಂತ ಪುಟಕ್ಕೆ ಹೋಗಿ ಈಗ ಯಾರು ಯಾರು ಇದ್ದಾರೆ ಅಂತ ನೋಡಿ. ಆಮೇಲೆ ಕಳೆದ ಎರಡು ಮೂರು ತಿಂಗಳಲ್ಲಿ ಜನ ಮೊಬೈಲಿನಲ್ಲಿ ಹಿಡಿದ ವಿಡಿಯೋ ಯೂಟ್ಯೂಬಿನಲ್ಲಿ ನೋಡಿ. ಬ್ಯಾಂಡಿನವರೇ ಹಾಕಿದ ವಿಡಿಯೋ ಬೇಡ, ಅದಕ್ಕೆ ಉಪ್ಪು ಖಾರ ಹಾಕಿರುತ್ತಾರೆ. ನಡುಗುವ ಕೈಯಲ್ಲಿ ಹಿಡಿದ, ಪಕ್ಕದವನ ಕಿರುಚಾಟ ಕೇಳುವ ವಿಡಿಯೋದಲ್ಲೇ ನಿಜ ಗೊತ್ತಾಗುವುದು.

"ಇದೇ ಕೊನೇ ಸಲ" ಅನ್ನುವ ಮಾತನ್ನು ನಂಬಿ ಸಾಲ ಮಾಡಿ ಹೋಗಬೇಡಿ. ಮೋಟ್ಲಿ ಕ್ರೂ 2014ರಲ್ಲಿ ಇನ್ನು ಪ್ರವಾಸ ಮಾಡುವುದಿಲ್ಲ ಅಂತ ಪತ್ರಕ್ಕೆ ಸಹಿಯನ್ನೇ ಹಾಕಿದರು. 2015ರ ಡಿಸೆಂಬರ್ 31ರಂದು ಕೊನೇ ಶೋ ಅಂತ ಮುಗಿಸಿದರು. 2019ರಲ್ಲಿ ಆ ಪತ್ರವನ್ನು ಸ್ಫೋಟಿಸುವ ವಿಡಿಯೋ ಬಿಟ್ಟು ಮತ್ತೆ ಬರುತ್ತೇವೆ ಅಂದರು, 2022ರಲ್ಲಿ ಡೆಫ್ ಲೆಪರ್ಡ್ ಜೊತೆ ಅಮೆರಿಕದ ಸ್ಟೇಡಿಯಂಗಳನ್ನು ಸುತ್ತಿದರು. ಅದಾದ ಮೇಲೆ ಗಿಟಾರಿನ ಮಿಕ್ ಮಾರ್ಸ್ ಮೈಕೈ ಕೂಡದೆ ಪ್ರವಾಸ ಬಿಟ್ಟರು, ಆ ಜಾಗಕ್ಕೆ ಜಾನ್ 5 ಬಂದರು. "ಇದೇ ನನ್ನ ಕೊನೇ ಚುನಾವಣೆ" ಅನ್ನುವುದನ್ನು ಹಾಸನದವರು ಕೇಳದ್ದೇನಲ್ಲ, ಅಲ್ವಾ? ಅಷ್ಟೇ ತೂಕ ಕೊಡಿ ಇದಕ್ಕೂ.

ಹಾಗಂತ ಮೂಲ ಜನ ಇಲ್ಲದ ಬ್ಯಾಂಡು ಸುಮ್ನೆ ದಂಡ ಅಂತಲೂ ಅಲ್ಲ. 2012ರ ಡಿಸೆಂಬರಿನಲ್ಲಿ ಗನ್ಸ್ ಎನ್ ರೋಸಸ್ ಬೆಂಗಳೂರಿಗೆ ಬಂದಾಗ ಮೂಲದವರು ಅಂತ ಇದ್ದದ್ದು ಹಾಡುವ ಆಕ್ಸೆಲ್ ರೋಸ್ ಒಬ್ಬರೇ. ಗಿಟಾರಿನ ಸ್ಲ್ಯಾಶ್ ಇಲ್ಲ ಅಂತ ಗೊತ್ತಿದ್ದೇ ನಾನು ಹೋದೆ. ಬೇಜಾರಾಗಲಿಲ್ಲ, ಯಾಕೆಂದರೆ ಗೊತ್ತಿತ್ತು. ಗೊತ್ತಿಲ್ಲದೆ ಬಂದ ನನ್ನ ಗೆಳೆಯ ಮಾತ್ರ ವಾಪಸ್ ಬರುವಾಗ ಚನ್ನರಾಯಪಟ್ಟಣದವರೆಗೂ ಗೊಣಗಿದ.

ಹೆಜ್ಜೆ 2: ತಾರೀಖು, ತೋಟ, ವಾರಾಂತ್ಯ

ನಮ್ಮ ದೇಶದಲ್ಲಿ ದೊಡ್ಡ ಬಯಲು ಶೋಗಳ ಕಾಲ ಅಂದರೆ ಹೆಚ್ಚಾಗಿ ನವೆಂಬರಿನಿಂದ ಫೆಬ್ರವರಿ. ಮಳೆ ಇಲ್ಲ, ಸೆಕೆ ಇಲ್ಲ. ನಮ್ಮ ಕಡೆಯವರ ಕಷ್ಟ ಏನೆಂದರೆ ಕಾಫಿ ಕುಯ್ಲೂ ಅದೇ ಕಾಲಕ್ಕೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಶುರು. ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ತೋಟ ಇರುವವರು ಆಳುಗಳನ್ನು ಬಿಟ್ಟು, ಕಣದಲ್ಲಿ ಹರವಿದ ಹಣ್ಣು ಬಿಟ್ಟು ಬೆಂಗಳೂರಿಗೆ ಹೊರಟರೆ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಮೊದಲೇ ತಮ್ಮನಿಗೋ ರೈಟರಿಗೋ ಹೇಳಿ ಒಂದು ರಾತ್ರಿ ಒಂದು ಹಗಲಿನ ಕೆಲಸ ಒಪ್ಪಿಸಿ. ಆ ಹೊತ್ತಿಗೆ ಅಕಾಲಿಕ ಮಳೆಯ ಮುನ್ಸೂಚನೆ ಇದ್ದರೆ ಟಿಕೆಟ್ ಆಸೆ ಬಿಡಿ. ಇದು ಅನುಭವದ ಮಾತು, ವಿವರ ಬೇಡ.

ವಾರದ ದಿನ ನೋಡಿಕೊಳ್ಳಿ. ಶನಿವಾರ ಶೋ ಇದ್ದರೆ ನಮಗೆ ಅನುಕೂಲ, ಏಕೆಂದರೆ ಆವತ್ತು ಬೆಳಗ್ಗೆ ಬೆಂಗಳೂರಿನವರೆಲ್ಲ ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇಗಳಿಗೆ ಮೇಲೆ ಬರುತ್ತಿರುತ್ತಾರೆ, ನಾವು ಎದುರು ದಿಕ್ಕಿನಲ್ಲಿ ಖಾಲಿ ರಸ್ತೆಯಲ್ಲಿ ಹೋಗುತ್ತೇವೆ. ಭಾನುವಾರ ಶೋ ಇದ್ದರೆ ಅದೇ ಜನ ಸಂಜೆ ವಾಪಸ್ ಹೋಗುತ್ತಾರೆ, ಕುಣಿಗಲ್ ದಾಟಿದ ಮೇಲೆ ನೆಲಮಂಗಲದವರೆಗೆ ಬಂಪರಿಗೆ ಬಂಪರ್. ಭಾನುವಾರವಾದರೆ ಬೆಳಗ್ಗೆಯೇ ಹೊರಟುಬಿಡಿ. ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಿ ಶೋ ಬಿದ್ದರಂತೂ ಬಸ್ಸಿನಲ್ಲಿ ಸೀಟು ಸಿಗುವುದು ಆ ತಾಯಿಯ ದಯೆ.

ಹೆಜ್ಜೆ 3: ಟಿಕೆಟ್

ಆ್ಯಪಿನಲ್ಲಿ ಒಂದು ದಿನ ಮೊದಲೇ ಲಾಗಿನ್ ಆಗಿ, ಹೆಸರು, ನಂಬರು ಎಲ್ಲ ತುಂಬಿಸಿ ಇಟ್ಟಿರಿ. ಟಿಕೆಟ್ ಬಿಡುವ ಸಮಯಕ್ಕೆ ಹತ್ತು ನಿಮಿಷ ಮೊದಲೇ ಕೂತಿರಿ. ಹಳೇ ಗ್ಲಾಮ್ ಬ್ಯಾಂಡುಗಳ ಟಿಕೆಟ್ ಈಗಿನ ಪಾಪ್ ತಾರೆಯರ ಹಾಗೆ ಐದು ನಿಮಿಷದಲ್ಲಿ ಖಾಲಿ ಆಗುವುದಿಲ್ಲ, ಗಾಬರಿ ಬೇಡ. ಆದರೆ ಫ್ಯಾನ್ ಪಿಟ್, ಅಂದರೆ ವೇದಿಕೆಯ ಬುಡದಲ್ಲೇ ನಿಂತು ನೋಡುವ ಜಾಗದ ಟಿಕೆಟ್ ಮೊದಲು ಹೋಗುತ್ತದೆ.

ಫ್ಯಾನ್ ಪಿಟ್ ಬೇಕಾ? ನನ್ನ ಕೇಳಿದರೆ ನಲವತ್ತು ದಾಟಿದವರಿಗೆ ಬೇಡ. ಮಧ್ಯಾಹ್ನ ಹೋಗಿ ನಿಂತರೆ ಮಾತ್ರ ಮುಂದೆ ಜಾಗ. ಕುಡಿಯಲು ನೀರು ತರುವುದಕ್ಕೆ ಹೋದರೆ ಜಾಗ ಹೋಯಿತು. ಸಾಮಾನ್ಯ ಟಿಕೆಟ್ ತೆಗೆದುಕೊಂಡು ಸರಿಯಾದ ಜಾಗದಲ್ಲಿ ನಿಂತರೆ ಸದ್ದು ಅಲ್ಲೇ ಚೆನ್ನಾಗಿ ಕೇಳುತ್ತದೆ, ಅದು ಎಲ್ಲಿ ಅಂತ ಮುಂದೆ ಹೇಳುತ್ತೇನೆ.

ಇನ್‌ಸ್ಟಾಗ್ರಾಂ, ವಾಟ್ಸಾಪಿನಲ್ಲಿ "ಎರಡು ಟಿಕೆಟ್ ಎಕ್ಸ್‌ಟ್ರಾ ಇದೆ ಬ್ರೋ" ಅನ್ನುವವರಿಂದ ಕೊಳ್ಳಬೇಡಿ. ಒಂದೇ ಕ್ಯೂಆರ್ ಕೋಡನ್ನು ಹತ್ತು ಜನಕ್ಕೆ ಮಾರುತ್ತಾರೆ, ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವನು ಒಳಗೆ, ಉಳಿದ ಒಂಬತ್ತು ಜನ ಹೊರಗೆ ನಿಂತು ಡ್ರಮ್ಮಿನ ಸದ್ದು ಕೇಳಬೇಕು. ಆ ಒಂಬತ್ತರಲ್ಲಿ ನಾನೂ ಒಂದು ಸಲ ಇದ್ದೆ. ಹೊರಗಿನಿಂದ ಬಾಸ್ ಮಾತ್ರ ಕೇಳುತ್ತದೆ, ಹಾಡು ಕೇಳುವುದಿಲ್ಲ.

ಬುಕ್ ಆದ ಮೇಲೆ ಮೇಲ್ ಓದಿ. ಎಷ್ಟು ವಯಸ್ಸಿನವರಿಗೆ ಪ್ರವೇಶ, ಕೈಪಟ್ಟಿ ಮನೆಗೆ ಬರುತ್ತದೋ ಗೇಟಿನಲ್ಲಿ ಕೊಡುತ್ತಾರೋ, ಯಾವ ಗುರುತಿನ ಚೀಟಿ ಬೇಕು, ರದ್ದಾದರೆ ದುಡ್ಡು ಯಾವಾಗ ಬರುತ್ತದೆ, ಎಲ್ಲ ಅದರಲ್ಲಿ ಇರುತ್ತದೆ. ರದ್ದಾಗುವುದು ಅಪರೂಪ ಏನಲ್ಲ. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಮೊದಲ ಸಲ ಭಾರತಕ್ಕೆ ಬಂದಾಗ ಗುರುಗ್ರಾಮದ ಶೋ ಕೊನೇ ಗಳಿಗೆಯಲ್ಲಿ ನಿಂತಿತು, ಎರಡು ದಿನ ಬಿಟ್ಟು ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದ ಶೋ ನಡೆಯಿತು. ಹಾಗಾಗಿ ವಾಪಸ್ ದುಡ್ಡು ಬರದ ಲಾಡ್ಜ್ ಬುಕ್ ಮಾಡಬೇಡಿ.

ಹೆಜ್ಜೆ 4: ಮೂರು ವಾರದ ತಾಲೀಮು

ನಾಟಕಕ್ಕೆ ತಾಲೀಮು ಇದ್ದ ಹಾಗೆ ಇದಕ್ಕೂ ಬೇಕು. ಸೆಟ್‌ಲಿಸ್ಟ್ ಡಾಟ್ ಎಫ್‌ಎಂ ಅಂತ ಒಂದು ಜಾಲತಾಣ ಇದೆ. ಆ ಬ್ಯಾಂಡು ಕಳೆದ ವಾರ ಯಾವ ಊರಿನಲ್ಲಿ ಯಾವ ಹಾಡು ಯಾವ ಕ್ರಮದಲ್ಲಿ ಹಾಡಿತು ಅಂತ ಅಭಿಮಾನಿಗಳು ಬರೆದಿಡುತ್ತಾರೆ. ಹಳೇ ಬ್ಯಾಂಡುಗಳು ಒಂದು ಪ್ರವಾಸ ಪೂರ್ತಿ ಹೆಚ್ಚುಕಮ್ಮಿ ಅದೇ ಪಟ್ಟಿಯನ್ನೇ ಹಾಡುತ್ತವೆ. ಆ ಹದಿನೈದು ಇಪ್ಪತ್ತು ಹಾಡುಗಳನ್ನು ಮೊಬೈಲಿಗೆ ಹಾಕಿಕೊಳ್ಳಿ, ಆಫೀಸಿಗೆ ಹೋಗುವಾಗ ಕೇಳಿ. ಪೂರ್ತಿ ಸಾಹಿತ್ಯ ಬಾಯಿಪಾಠ ಆಗಬೇಕಿಲ್ಲ. ಪಲ್ಲವಿ ಬಂದರೆ ಸಾಕು. ಈ ಸಂಗೀತದ ಗುಟ್ಟೇ ಅದು, ಪಲ್ಲವಿಯನ್ನು ಬ್ಯಾಂಡಿನವರೆಲ್ಲ ಸೇರಿ ಕೂಗುವ ಹಾಗೆ ಕಟ್ಟಿರುತ್ತಾರೆ, ಆರು ಸಾವಿರ ಜನ ಒಟ್ಟಿಗೆ ಕೂಗಿದಾಗಲೇ ಅದು ಪೂರ್ತಿ ಆಗುವುದು. ಅಚ್ಚರಿ ಉಳಿಯಲಿ ಅನ್ನುವವರು ಪಟ್ಟಿಯ ಕೊನೆಯ ಮೂರು ಹಾಡು ಮಾತ್ರ ನೋಡದೆ ಬಿಡಿ.

ತಾಲೀಮಿನಲ್ಲೇ ಒಂದು ವಿಷಯ ಗಮನಿಸಿ. ಆಲ್ಬಮ್ಮಿಗಿಂತ ಈಗಿನ ಶೋ ವಿಡಿಯೋದಲ್ಲಿ ಹಾಡು ತಗ್ಗಿನಲ್ಲಿ ಕೇಳುತ್ತದೆ. ಗಿಟಾರಿನ ಆರನೇ ತಂತಿ ಸಾಮಾನ್ಯವಾಗಿ ಇ ಸ್ವರಕ್ಕೆ ಕಟ್ಟುವುದು. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಮೂರು. ಅದನ್ನು ಅರ್ಧ ಸ್ವರ ಇಳಿಸಿದರೆ ಕಪ್ಪು ಎರಡು. ಎಷ್ಟೋ ಬ್ಯಾಂಡುಗಳು ಹರೆಯದಲ್ಲೇ ಅಲ್ಲಿಗೆ ಇಳಿಸಿಕೊಂಡಿದ್ದವು, ವಯಸ್ಸಾದ ಮೇಲೆ ಇನ್ನೂ ಒಂದು ಮೆಟ್ಟಿಲು ಇಳಿದು ಬಿಳಿ ಎರಡಕ್ಕೆ ಬರುತ್ತವೆ. ಇದನ್ನು ಮೋಸ ಅನ್ನುವವರು ಇದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ಮೇಷ್ಟ್ರು ದೊಡ್ಡಪ್ಪನಿಗೆ ಮಾಡಿದ್ದೂ ಅದೇ ತಾನೇ. ಆದರೆ ಮೊದಲೇ ಧ್ವನಿಮುದ್ರಿಸಿದ ಗಂಟಲನ್ನು ಮೇಲಿಂದ ಹರಿಸಿ ಬಾಯಿ ಆಡಿಸುವುದು ಬೇರೇ ವಿಷಯ. ಅದು ನನಗೆ ಹಿಡಿಸುವುದಿಲ್ಲ. ಒಡೆದರೂ ಅವರದೇ ಗಂಟಲು ಒಡೆಯಲಿ.

ಕಿವಿಯ ಮಾತು. ಇದನ್ನು ದಾಟಿಸಿ ಓದಬೇಡಿ. ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಲೆಕ್ಕ ಹಾಕಿಕೊಂಡು ಹೋದರೆ 100 ಡೆಸಿಬಲ್‌ಗೆ 15 ನಿಮಿಷ ಅಷ್ಟೇ. ರಾಕ್ ಶೋದಲ್ಲಿ 100 ಸುಲಭವಾಗಿ ಮುಟ್ಟುತ್ತದೆ, ನಾವು ಎರಡು ಗಂಟೆ ನಿಲ್ಲುತ್ತೇವೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ ಸಾಕು. ಸ್ವಲ್ಪ ಜಾಸ್ತಿ ಕೊಟ್ಟರೆ ಸಂಗೀತಗಾರರು ಹಾಕುವಂಥದ್ದು ಆನ್‌ಲೈನಿನಲ್ಲಿ ಸಿಗುತ್ತದೆ, ಅದರಲ್ಲಿ ಹಾಡು ಮಂಕಾಗುವುದಿಲ್ಲ, ಬರೀ ಸದ್ದು ತಗ್ಗುತ್ತದೆ. ಸ್ಪಂಜಿನದ್ದನ್ನು ಹಾಕುವ ಕ್ರಮ ಹೀಗೆ: ಕೈ ತೊಳೆದು, ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಒಳಗೆ ತೂರಿಸಿ ಬೆರಳಿನಲ್ಲಿ ಒತ್ತಿಹಿಡಿದು ಮೂವತ್ತರವರೆಗೆ ಎಣಿಸಿ. ಅದು ಒಳಗೆ ಅರಳಿ ಕೂರುತ್ತದೆ. ಸುಮ್ನೆ ತುದಿಗೆ ಸಿಕ್ಕಿಸಿಕೊಂಡರೆ ಏನೂ ಉಪಯೋಗ ಇಲ್ಲ. ಮನೆಯಲ್ಲಿ ಒಂದು ಸಲ ಮಿಕ್ಸಿ ಹಾಕಿಸಿ ಪರೀಕ್ಷೆ ಮಾಡಿ.

ಹೆಜ್ಜೆ 5: ವೇಷ

ಗ್ಲಾಮ್ ಮೆಟಲ್ಲಿಗೆ ಸಾದಾ ಬಟ್ಟೆಯಲ್ಲಿ ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ಆದರೆ ವೇಷ ಇಲ್ಲದೆ ಏನು ಮಜಾ? ಹೊಸದಾಗಿ ದುಡ್ಡು ಸುರಿಯಬೇಡಿ. ಕಪ್ಪು ಜೀನ್ಸ್, ತೋಳು ಕತ್ತರಿಸಿದ ಹಳೇ ಡೆನಿಮ್ ಜಾಕೆಟ್ಟು. ತಲೆಗೆ ಕಟ್ಟಲು ಚಿರತೆ ಚುಕ್ಕಿಯ ಬಟ್ಟೆ ಅರ್ಧ ಮೀಟರ್ ಯಾವುದೇ ಬ್ಲೌಸ್ ಪೀಸಿನ ಅಂಗಡಿಯಲ್ಲಿ ಸಿಗುತ್ತದೆ. ಕಟ್‌ಪೀಸ್ ಕೊಡುವಾಗ ಅಂಗಡಿಯವರು "ಮೇಡಂಗೆ ಇದು ಸೂಟ್ ಆಗುತ್ತಾ ಸಾರ್" ಅಂದರು, ನಾನು ಹೌದು ಅಂದೆ.

ಕೂದಲು ಇರುವವರು ಸ್ಪ್ರೇ ಹೊಡೆದುಕೊಳ್ಳಿ. ಇಲ್ಲದವರಿಗೆ ಡ್ರಾಮಾ ಸೀನ್ಸ್ ಬಾಡಿಗೆಗೆ ಕೊಡುವವರ ಹತ್ತಿರ ಟೋಪನ್ ಸಿಗುತ್ತದೆ, ಭೀಮನದ್ದು ಸರಿಯಾಗಿ ಹೊಂದುತ್ತದೆ. ಆದರೆ ಅದನ್ನು ಹಾಕಿಕೊಂಡು ಐದು ಗಂಟೆ ಕುಣಿದರೆ ಬೆವರಿಗೆ ನೆತ್ತಿ ಕಡಿಯುತ್ತದೆ, ಅರ್ಧದಲ್ಲೇ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕಣ್ಣಿಗೆ ಹೆಂಡತಿಯ ಕಾಡಿಗೆ. ಕೇಳಿ ತೆಗೆದುಕೊಳ್ಳಿ. ಬೆಂಗಳೂರು ತಲುಪಿದ ಮೇಲೆ ಹಚ್ಚಿಕೊಳ್ಳಿ. ಹಾಸನದಲ್ಲೇ ಹಚ್ಚಿಕೊಂಡರೆ ಬಸ್ ನಿಲ್ದಾಣದಲ್ಲಿ ಪರಿಚಯದವರು ಸಿಕ್ಕೇ ಸಿಗುತ್ತಾರೆ.

ಕಾಲಿಗೆ ಮಾತ್ರ ವೇಷ ಬೇಡ. ನಡೆದು ಹಳೆಯದಾದ ಶೂ ಹಾಕಿ. ಹೊಸ ಬೂಟು ಹಾಕಿದರೆ ಎರಡನೇ ಹಾಡಿಗೇ ಗುಳ್ಳೆ. ಚಪ್ಪಲಿ ಬೇಡವೇ ಬೇಡ, ಜನ ತುಳಿದರೆ ಒಂದು ಕಾಲಿನದ್ದು ಹೋಗುತ್ತದೆ.

ಹೆಜ್ಜೆ 6: ಹೋಗುವುದು

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಬಸ್ಸಿಗೆ ನಾಲ್ಕು ಗಂಟೆ ಲೆಕ್ಕ ಇಟ್ಟುಕೊಳ್ಳಿ. ಚಿಕ್ಕಮಗಳೂರಿನವರು ಬೇಲೂರು ಮೇಲೆ ಹಾಸನಕ್ಕೆ ಬಂದು ಈ ದಾರಿ ಹಿಡಿಯಬಹುದು, ಇಲ್ಲವೇ ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮೇಲೆ ಹೋಗಬಹುದು. ಎರಡನೇ ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಿಗುತ್ತದೆ ಅನ್ನುವುದು ಬಿಟ್ಟರೆ ಹೆಚ್ಚು ವ್ಯತ್ಯಾಸ ಇಲ್ಲ. ಹೆಂಗಸರು ಕೆಂಪು ಬಸ್ಸಿನಲ್ಲಿ ಹೋದರೆ 2023ರ ಜೂನ್‌ನಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಆಯಿತು. ಉಳಿದ ದುಡ್ಡಿಗೆ ಟೀ ಶರ್ಟ್ ಬರುತ್ತದೆ. ಕುಣಿಗಲ್ ಮೇಲಿನ ರೈಲು ಮಾರ್ಗ 2017ರಲ್ಲಿ ಶುರುವಾಯಿತು, ಹೋಗುವುದಕ್ಕೆ ರೈಲು ಚೆನ್ನ. ಬರುವುದಕ್ಕೆ ಶೋ ಮುಗಿಸಿಕೊಂಡು ರೈಲು ಹಿಡಿಯುವುದು ಕಷ್ಟ.

ಇಲ್ಲೊಂದು ಲಾಭ ನಮಗೆ. 2024ರ ನವೆಂಬರಿನಿಂದ ಹಸಿರು ಮಾರ್ಗದ ಮೆಟ್ರೋ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂತು ಪೀಣ್ಯದ ಹೊಗೆ ಕುಡಿಯಬೇಕಿಲ್ಲ. ಬಸ್ಸು ಎಲ್ಲಿ ನಿಲ್ಲಿಸುತ್ತಾರೆ ಅಂತ ಕಂಡಕ್ಟರನ್ನು ಕೇಳಿ ಇಳಿದು ಮೆಟ್ರೋ ಹತ್ತಿ. ಶೋ ವೈಟ್‌ಫೀಲ್ಡ್ ಕಡೆ ಇದ್ದರೆ ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಒಟ್ಟು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅರಮನೆ ಮೈದಾನವಾದರೆ ಯಶವಂತಪುರದಲ್ಲಿ ಇಳಿದು ಆಟೋ. ಅರಮನೆ ಮೈದಾನಕ್ಕೆ ಗೇಟು ಹಲವು, ಟಿಕೆಟ್ಟಿನಲ್ಲಿ ಬರೆದ ಗೇಟಿನ ನಂಬರನ್ನೇ ಆಟೋದವರಿಗೆ ಹೇಳಿ. ಶೋ ಮಾದಾವರದ ನೈಸ್ ಮೈದಾನದಲ್ಲೇ ಇದ್ದರೆ, ಎಡ್ ಶೀರನ್ 2025ರ ಫೆಬ್ರವರಿಯಲ್ಲಿ ಹಾಡಿದ್ದು ಅಲ್ಲೇ, ಹಾಸನದವರಿಗೆ ಹಬ್ಬ. ಕೋರಮಂಗಲದವರು ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಒದ್ದಾಡಿ ಬರುವಷ್ಟರಲ್ಲಿ ನಾವು ಕಾಫಿ ಕುಡಿದು ನಿಂತಿರುತ್ತೇವೆ.

ಕಾರು? ಹೋಗುವಾಗ ಸುಖ. ರಾತ್ರಿ ಹನ್ನೊಂದಕ್ಕೆ ಪಾರ್ಕಿಂಗಿನಿಂದ ಹೊರಬರಲು ಒಂದು ಗಂಟೆ, ಆಮೇಲೆ ನಿದ್ದೆಗಣ್ಣಿನಲ್ಲಿ ಲಾರಿಗಳ ನಡುವೆ 185 ಕಿಲೋಮೀಟರ್. ಕುಡಿಯದ, ಹಾಡಿನ ಹುಚ್ಚಿಲ್ಲದ, ಮಧ್ಯಾಹ್ನ ಮಲಗಿ ಎದ್ದ ಡ್ರೈವರ್ ಒಬ್ಬರು ಇದ್ದರೆ ಮಾತ್ರ ಕಾರು.

ಹೆಜ್ಜೆ 7: ಗೇಟು ಮತ್ತು ಜಾಗ

ಹೊಟ್ಟೆ ತುಂಬಾ ತಿಂದು ಒಳಗೆ ಹೋಗಿ. ಒಳಗಿನ ಊಟ ದುಬಾರಿ, ರುಚಿಯೂ ಅಷ್ಟಕ್ಕಷ್ಟೇ. ದೊಡ್ಡ ಬ್ಯಾಗು, ಛತ್ರಿ, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ. ಕೆಲವು ಕಡೆ ಪವರ್ ಬ್ಯಾಂಕಿಗೂ ತಕರಾರು. ಮಳೆ ಅನುಮಾನ ಇದ್ದರೆ ತೆಳ್ಳನೆಯ ರೇನ್‌ಕೋಟು ಜೇಬಿನಲ್ಲಿ ಮಡಚಿಡಿ. ಸಾವಿರಾರು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಸಾಯುತ್ತದೆ, ಟಿಕೆಟ್ಟನ್ನು ಮೊದಲೇ ಡೌನ್‌ಲೋಡ್ ಮಾಡಿಡಿ, ಯುಪಿಐ ನಂಬಿ ಕೂರದೆ ಸ್ವಲ್ಪ ನಗದೂ ಕಾರ್ಡೂ ಇರಲಿ. ಜೊತೆಗಾರರು ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಒಳಗೆ ಹೋದ ತಕ್ಷಣ ಗುರುತು ಮಾಡಿಕೊಳ್ಳಿ. ಫೋನ್ ಮಾಡುತ್ತೇನೆ ಅನ್ನುವುದು ನಡೆಯುವುದಿಲ್ಲ. ಸಾಲು ಉದ್ದ ಇರುತ್ತದೆ, ಆದರೆ ಹಾಸನಾಂಬೆ ದರ್ಶನಕ್ಕೆ ಧರ್ಮದರ್ಶನದ ಸಾಲಿನಲ್ಲಿ ನಿಂತು ಬಂದವರಿಗೆ ಇದೇನು ಮಹಾ.

ಈಗ ನಿಲ್ಲುವ ಜಾಗ. ಮೈದಾನದ ನಡುವೆ, ವೇದಿಕೆಗೆ ಎದುರಾಗಿ ಒಂದು ಚಪ್ಪರ ಇರುತ್ತದೆ. ಅದರೊಳಗೆ ಸೌಂಡ್ ಇಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುತ್ತಾರೆ. ಅವರು ತಮ್ಮ ಕಿವಿಗೆ ಕೇಳುವುದನ್ನೇ ಸರಿ ಮಾಡುವುದು. ಅಂದ ಮೇಲೆ ಅವರ ಕಿವಿ ಇರುವ ಜಾಗವೇ ಒಳ್ಳೇ ಜಾಗ. ಆ ಚಪ್ಪರದ ಮುಂದೆ ಸ್ವಲ್ಪ ಅಂತರದಲ್ಲಿ ನಿಂತುಕೊಳ್ಳಿ. ಬೆನ್ನಿಗೆ ಒರಗಲು ಬ್ಯಾರಿಕೇಡ್ ಸಿಕ್ಕರೆ ಮಂಡಿಗೂ ಪುಣ್ಯ. ಸ್ಪೀಕರ್ ಗೋಪುರದ ಬುಡದಲ್ಲಿ ಮಾತ್ರ ನಿಲ್ಲಬೇಡಿ.

ಹೆಜ್ಜೆ 8: ಶೋ

ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದ ಮಾಲಿನ್ಯ ನಿಯಮ ಅದು. ಹಾಗಾಗಿ ಮುಖ್ಯ ಬ್ಯಾಂಡು ಎಂಟರ ಸುಮಾರಿಗೆ ಬರಲೇಬೇಕು. ಬೆಳ್ಳಿ ಮೂಡುವವರೆಗೆ ನಡೆಯುವ ಕುರುಕ್ಷೇತ್ರ ಅಲ್ಲ ಇದು, ತಡವಾಗಿ ಹೋದರೆ ಹೋದದ್ದೇ.

ಮೊದಲ ಎರಡು ಹಾಡು ಫೋನ್ ಎತ್ತಬೇಡಿ. ಮೊದಲ ಹಾಡಿನಲ್ಲಿ ಸದ್ದು ಇನ್ನೂ ಕೂತಿರುವುದಿಲ್ಲ, ಗಾಯಕರ ಗಂಟಲೂ ಬಿಸಿಯಾಗಿರುವುದಿಲ್ಲ. ಅಯ್ಯೋ ಹೋಯಿತು ದುಡ್ಡು ಅನ್ನಿಸುವುದು ಅಲ್ಲೇ. ಮೂರನೇ ಹಾಡಿನವರೆಗೆ ತಾಳಿ. ಆಮೇಲೆ ಗಾಯಕರನ್ನು ಸರಿಯಾಗಿ ನೋಡಿ. ಮೇಲಿನ ಸ್ವರ ಬರುವ ಜಾಗ ಹತ್ತಿರವಾದಾಗ ಮೈಕನ್ನು ಜನರ ಕಡೆ ತಿರುಗಿಸುತ್ತಾರೆ. ಅದೇ ನಮ್ಮ ಪಾರ್ಟು. ಮೂರು ವಾರ ತಾಲೀಮು ಮಾಡಿದ್ದು ಇದಕ್ಕೇ, ನಾಚಿಕೊಳ್ಳದೆ ಕೂಗಿ. ಉಚ್ಚಾರಣೆ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ನೋಡಬೇಕಾದದ್ದು ಗಾಯಕರನ್ನು ಮಾತ್ರವಲ್ಲ. ಡೆಫ್ ಲೆಪರ್ಡ್ ನೋಡುವ ಅದೃಷ್ಟ ಸಿಕ್ಕರೆ ಡ್ರಮ್ಮಿನ ರಿಕ್ ಆಲೆನ್ ಅವರ ಕಾಲುಗಳನ್ನು ನೋಡಿ. 1984ರ ಡಿಸೆಂಬರ್ 31ರಂದು ಕಾರು ಅಪಘಾತದಲ್ಲಿ ಅವರ ಎಡಗೈ ಹೋಯಿತು. ಎಡಗೈಯಲ್ಲಿ ಬಾರಿಸುತ್ತಿದ್ದದ್ದನ್ನು ಎಡಗಾಲಿನ ಪೆಡಲುಗಳಿಗೆ ವರ್ಗಾಯಿಸಿ, ಎಲೆಕ್ಟ್ರಾನಿಕ್ ಡ್ರಮ್ ಕಟ್ಟಿಸಿಕೊಂಡು 1986ರಲ್ಲಿ ವೇದಿಕೆಗೆ ವಾಪಸ್ ಬಂದರು. ಮರಳಿ ಬರುವುದು ಅಂದರೆ ಅದು. ನಮ್ಮ ಬ್ಯಾಂಡುಗಳು ಕೂದಲು ಉದುರಿದ ಮೇಲೆ ಬರುವುದು ಅದರ ಮುಂದೆ ಏನೂ ಅಲ್ಲ.

ಬಾತ್‌ರೂಮಿಗೆ ಯಾವಾಗ ಹೋಗುವುದು? ಎಲ್ಲರೂ ಹೊಸ ಆಲ್ಬಮ್ಮಿನ ಹಾಡು ಬಂದಾಗ ಹೋಗುತ್ತಾರೆ. ನಾನು ಹೋಗುವುದಿಲ್ಲ. ಹಳೇ ಹಾಡನ್ನು ಅವರು ಸಾವಿರಾರು ಸಲ ಹಾಡಿರುತ್ತಾರೆ, ಕೈಕಾಲು ತಾನಾಗಿ ಆಡುತ್ತವೆ. ಹೊಸ ಹಾಡು ಹಾಡುವಾಗ ಮಾತ್ರ ಅವರ ಕಣ್ಣು ಜನರ ಮುಖ ಹುಡುಕುತ್ತದೆ, ಯಾರಾದರೂ ಕೇಳುತ್ತಿದ್ದಾರಾ ಅಂತ. ಅರವತ್ತು ದಾಟಿದವರು ಅಷ್ಟು ಆಸೆಯಿಂದ ನೋಡುವಾಗ ಬೆನ್ನು ತಿರುಗಿಸಿ ಸಾಲು ಹಿಡಿಯಲು ಮನಸ್ಸು ಬರುವುದಿಲ್ಲ. ಬಾಸ್ ಗಿಟಾರಿನವರು ಒಬ್ಬರೇ ಬಾರಿಸುವ ಬಾಸ್ ಸೋಲೋ ಬರುತ್ತದೆ, ಆಗ ಹೋಗಿ ಬನ್ನಿ.

ಕೊನೆಯ ಮೂರನೇ ಭಾಗದಲ್ಲಿ ನಿಧಾನದ ಪ್ರೇಮಗೀತೆ ಬರುತ್ತದೆ. ಮೊದಲೆಲ್ಲ ಲೈಟರ್ ಎತ್ತುತ್ತಿದ್ದರು, ಈಗ ಮೊಬೈಲ್ ಟಾರ್ಚು. ಪಕ್ಕದಲ್ಲಿ ಹೊಟ್ಟೆ ಬಿಟ್ಟ, ಬೋಳುತಲೆಯ ಗಂಡಸರು ಅಳುವುದು ಕಾಣುತ್ತದೆ. ನೋಡದ ಹಾಗೆ ಇರಿ. ಆಮೇಲೆ ನಮಸ್ಕಾರ ಮಾಡಿ ಒಳಗೆ ಹೋಗುತ್ತಾರೆ. ಹೊರಡಬೇಡಿ! ಅವರ ದೊಡ್ಡ ಹಾಡು ಇನ್ನೂ ಬಾಕಿ ಇದೆ, ವನ್ಸ್ ಮೋರ್ ಅನ್ನಿಸಿಕೊಂಡೇ ವಾಪಸ್ ಬರುವುದು ಇಲ್ಲಿಯ ಕಟ್ಟಳೆ.

ಟೀ ಶರ್ಟ್ ಕೊಳ್ಳುವುದಾದರೆ ಶೋಗೆ ಮೊದಲೇ ಕೊಳ್ಳಿ, ಮುಗಿದ ಮೇಲೆ ದೊಡ್ಡ ಅಳತೆ ಸಿಗುವುದಿಲ್ಲ, ಈ ಜನಕ್ಕೆ ಬೇಕಾಗುವುದೆಲ್ಲ ದೊಡ್ಡ ಅಳತೆಯೇ. ಬೆಲೆ ಜಾಸ್ತಿ. ನಾಟಕದಲ್ಲಿ ಪಾರ್ಟುದಾರರಿಗೆ ಮುಯ್ಯಿ ಹಾಕುವುದಿಲ್ವಾ, ಹಾಗೆ ಅಂದುಕೊಂಡು ಕೊಡಿ.

ಹೆಜ್ಜೆ 9: ವಾಪಸ್

ಹತ್ತಕ್ಕೆ ಮುಗಿದರೆ ಮೈದಾನದಿಂದ ಹೊರಬರಲು ಮುಕ್ಕಾಲು ಗಂಟೆ. ಕೊನೇ ಮೆಟ್ರೋ ಎಷ್ಟು ಹೊತ್ತಿಗೆ ಅಂತ ಬರುವಾಗಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ, ವಾಪಸ್ಸಿನ ಟಿಕೆಟ್ಟಿಗೂ ಆಗಲೇ ದಾರಿ ಮಾಡಿಕೊಳ್ಳಿ. ಹಾಸನಕ್ಕೆ ರಾತ್ರಿ ಬಸ್ಸಿನ ಬರ ಇಲ್ಲ. ಧರ್ಮಸ್ಥಳ, ಮಂಗಳೂರು, ಸುಬ್ರಹ್ಮಣ್ಯದ ಕಡೆಯ ಬಸ್ಸುಗಳು ನಮ್ಮೂರ ಮೇಲೇ ಹೋಗುತ್ತವೆ. ಮುಂಗಡ ಬುಕ್ ಮಾಡುವಾಗ ಹತ್ತುವ ಜಾಗ ಮೆಜೆಸ್ಟಿಕ್ ಬದಲು ಗೊರಗುಂಟೆಪಾಳ್ಯ ಅಂತ ಹಾಕಿದರೆ ಸಮಯ ಉಳಿಯುತ್ತದೆ. ಹನ್ನೆರಡರ ಆಸುಪಾಸಿನ ಬಸ್ಸೇ ಆರಿಸಿ, ಹನ್ನೊಂದರದ್ದು ಬೇಡ. ವನ್ಸ್ ಮೋರ್ ಬಿಟ್ಟು ಬಸ್ಸಿಗೆ ಓಡಿದ ನೋವು ಬೇಗ ಹೋಗುವುದಿಲ್ಲ. ಬೆಳಗಿನ ನಾಲ್ಕಕ್ಕೆ ಹಾಸನ. ಕಂಡಕ್ಟರಿಗೆ ಎಬ್ಬಿಸಲು ಹೇಳಿ, ಕಿವಿಯಲ್ಲಿ ಪ್ಲಗ್ ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಎಚ್ಚರ ಆಗುವುದು ಶಿರಾಡಿ ಘಾಟಿಯಲ್ಲಿ.

ಕಿವಿ ಸ್ವಲ್ಪ ಗುಂಯ್‌ಗುಟ್ಟಿದರೆ ಒಂದು ದಿನ ಸದ್ದಿನಿಂದ ದೂರ ಇರಿ. ಎರಡು ದಿನ ಕಳೆದರೂ ನಿಲ್ಲದಿದ್ದರೆ, ಇಲ್ಲವೇ ಒಂದು ಕಿವಿ ಮಂಕಾಗಿದ್ದರೆ, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ, ತಾನಾಗಿ ಸರಿಹೋಗುತ್ತದೆ ಅಂತ ಕಾಯಬೇಡಿ.

ಮಲಗುವ ಮೊದಲು ಕಾಡಿಗೆ ತೆಗೆಯಬೇಕು. ಸೋಪು ಹಾಕಿ ಉಜ್ಜಿದರೆ ಕಣ್ಣು ಉರಿಯುತ್ತದೆ, ಕಾಡಿಗೆ ಹೋಗುವುದೂ ಇಲ್ಲ. ನಾಟಕದವರು ಬಣ್ಣ ತೆಗೆಯುವ ಹಾಗೆ ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಅರ್ಧ ನಿಮಿಷ ಇಟ್ಟು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಮೆಲ್ಲಗೆ ಎಳೆದು ಒರೆಸಿ. ಹೊಸ ದಿಂಬಿನ ಕವರಿನ ಮೇಲೆ ಮಲಗಬೇಡಿ. ನಮ್ಮ ಮನೆಯಲ್ಲಿ ಒಂದು ಕವರಿನ ಮೇಲೆ ಇನ್ನೂ ಎರಡು ಕಪ್ಪು ಕಣ್ಣುಗಳಿವೆ.